ಪೆಟ್ರೋಲಿನ ತಳದ ನೀರು

ಬಂಟ್ವಾಳದ ಹೆದ್ದಾರಿ ಬದಿಯ ಪೆಟ್ರೋಲ್ ಬಂಕೊಂದರಲ್ಲಿ ನಾನು ಕ್ಯಾಶ್ ನೋಡಿಕೊಳ್ಳುವವಳು. ಬೈಕು ಕೆಮ್ಮಿದರೆ, ರಿಕ್ಷಾ ಮುಗ್ಗರಿಸಿದರೆ ಜನ ಮೊದಲು ಬಂದು ಬೈಯುವುದು ನನಗೆ. ನಿಮ್ಮ ಪೆಟ್ರೋಲಿನಲ್ಲಿ ನೀರುಂಟು ಎಂದು ಮುಖಕ್ಕೇ ಹೇಳಿಬಿಡುತ್ತಾರೆ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತವಳಲ್ಲ. ನೀವು ಗಾಡಿಯನ್ನು ಎರಡು ತಿಂಗಳು ಶೆಡ್ಡಿನಲ್ಲಿಟ್ಟು ಈಗ ನನ್ನ ಮೇಲೆ ಹಾರುವುದು ಬೇಡ ಎಂದು ತಿರುಗಿಸಿ ಕೊಡುತ್ತೇನೆ. ಬೆಳಿಗ್ಗೆ ಬಂಕು ತೆರೆದ ಕೂಡಲೇ ನೆಲದಡಿಯ ಟ್ಯಾಂಕಿಗೆ ಅಳತೆಕೋಲು ಇಳಿಸುವುದು ನಮ್ಮ ಕ್ರಮ. ಕೋಲಿನ ತುದಿಗೆ ಒಂದು ಪೇಸ್ಟು ಹಚ್ಚಿರುತ್ತೇವೆ. ತಳದಲ್ಲಿ ನೀರಿದ್ದರೆ ಅದು ಕೆಂಪಾಗುತ್ತದೆ. ಬಂಕಿನ ಕೋಲು ಕೆಂಪಾದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಕೆಂಪಾದದ್ದು ನಮ್ಮ ಮನೆಯ ದೋಣಿಯಲ್ಲಿ.

ನಮ್ಮ ಮನೆ ಇರುವುದು ನೇತ್ರಾವತಿಯ ನಡುವಿನ ಒಂದು ಕುದ್ರುವಿನಲ್ಲಿ. ನಾಲ್ಕೂ ಸುತ್ತ ಹೊಳೆ, ನಡುವೆ ಒಂದಿಷ್ಟು ತೆಂಗು, ಮೂರು ಮನೆ. ಅದರಲ್ಲಿ ಎರಡು ಮನೆಯವರು ಆಚೆ ದಡಕ್ಕೆ ಹೋಗಿ ಸೇರಿ ಆಯಿತು. ಉಳಿದವರು ಅಮ್ಮ ಮತ್ತು ನಾನು. ನಾನು ಗಂಡನ ಮನೆಯಿಂದ ಇಲ್ಲಿಗೆ ಯಾಕೆ ಬಂದೆ ಎಂಬ ಪುರಾಣ ಬೇಡ. ಅಣ್ಣ ಹೋದ ಮೇಲೆ ಬಂದೆ, ಅಷ್ಟು ಸಾಕು.

ಅಣ್ಣ ದೋಣಿಗೆ ಸಣ್ಣ ಇಂಜಿನು ಕಟ್ಟಿಸಿದವನು. ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ ಸ್ಕ್ರೂ ತಿರುಗಿಸಿದರೆ ಆಯಿತು; ತಲೆಯ ಮೇಲೇ ಪುಟ್ಟ ಟ್ಯಾಂಕು, ಅದರಡಿಯಲ್ಲಿ ಪೆಟ್ರೋಲು ಬಿಡುವ ಕಾಕು, ಎಳೆದು ಸ್ಟಾರ್ಟ್ ಮಾಡುವ ಹಗ್ಗ. ಎರಡು ಮಳೆಗಾಲದ ಹಿಂದೆ, ಬೆಳ್ತಂಗಡಿಯ ಮೇಲಿನ ಘಟ್ಟದಲ್ಲಿ ಮಳೆ ಸುರಿದು ಇಲ್ಲಿ ಹೊಳೆ ಕೆಂಪಗೆ ಏರುತ್ತಿದ್ದ ಒಂದು ಮಧ್ಯಾಹ್ನ, ಅವನು ದೋಣಿ ಹತ್ತಿದ. ಅಮ್ಮ ಅಂಗಳದ ತುದಿಯಲ್ಲಿ ನಿಂತಿದ್ದರು. ನಡುಹೊಳೆಯಲ್ಲಿ ಇಂಜಿನು ನಿಂತಿತು. ಅವನು ಎದ್ದು ನಿಂತು ಹಗ್ಗ ಎಳೆದ. ಮತ್ತೆ ಎಳೆಯಲು ಬಗ್ಗಿದವನು ಮೇಲೆ ಏಳಲೇ ಇಲ್ಲ. ಕೂಗು ಇಲ್ಲ, ಕೈ ಬೀಸಿದ್ದಿಲ್ಲ. ದೋಣಿ ಮಾತ್ರ ಕೆಳಗಿನ ಅಣೆಕಟ್ಟಿನ ಹತ್ತಿರ ಸಿಕ್ಕಿತು, ಇಂಜಿನು ಸಹಿತ. ಮುಳುಗುಗಾರರನ್ನು ಕರೆಸಿ ಹುಡುಕಿಸಿದೆವು. ಅಣ್ಣ ಸಿಗಲಿಲ್ಲ.

ದೇಹ ಇಲ್ಲದಿದ್ದರೂ ಬೊಜ್ಜದ ಉತ್ತರಕ್ರಿಯೆ ಮಾಡಿ ಎಂದು ನಂಟರು ಒತ್ತಾಯ ಮಾಡಿದರು, ಮಾಡಿದೆವು. ನಮ್ಮಲ್ಲಿ ಬೊಜ್ಜ ಕಳೆದ ಮೇಲೆ ಸತ್ತವರನ್ನು ಒಳಗೆ ಕರೆಯುವ ಕ್ರಮ ಉಂಟು. ಅಂಗಳಕ್ಕೆ ಇಳಿದು ಹೆಸರು ಹಿಡಿದು ಕರೆಯುವುದು, ಒಳಕೋಣೆಯಲ್ಲಿ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನು ಬಡಿಸುವುದು, ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುವುದು. ಅಲ್ಲಿಗೆ ಅವರು ಮನೆಯ ಹಿರಿಯರ ಸಾಲಿಗೆ ಸೇರಿದ ಹಾಗೆ. ಸೇರದವರು ಕುಲೆಯಾಗಿ, ಪ್ರೇತವಾಗಿ ಹೊರಗೇ ಇರುತ್ತಾರೆ ಎಂದು ಹೇಳುತ್ತಾರೆ. ಎಲ್ಲ ತಯಾರಿ ಆದ ಮೇಲೆ ಅಮ್ಮ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಈಗ ಕರೆಯುವುದು ಬೇಡ ಎಂದರು. ಯಾಕೆ ಎಂದು ಮಾವಂದಿರು ಕೇಳಿ ಕೇಳಿ ಸುಸ್ತಾದರು. ಬೇಡ ಎಂದರೆ ಬೇಡ. ಬಡಿಸಿದ ಎಲೆಯನ್ನು ಹಾಗೆಯೇ ಮಡಚಿ ತೆಗೆದೆವು.

ಅಮ್ಮ ಮೊದಲು ದೋಣಿಗೆ ಹೆದರುವವರು. ಕಟ್ಟಿದ ಬೀಡಿಯನ್ನು ಅದನ್ನು ಎಣಿಸಿ ಕೊಳ್ಳುವ ದಡದ ಬೀಡಿ ಬ್ರಾಂಚಿಗೆ ಅಣ್ಣನ ಕೈಯಲ್ಲೇ ಕಳಿಸುತ್ತಿದ್ದರು. ನಾನು ಬಂದ ಮೇಲೆ ಇನ್ನು ನಾನೇ ಕೊಟ್ಟುಬರುತ್ತೇನೆ ಎಂದರು. ಬಂಕಿಗೆ ಹೋಗುವ ದಾರಿಯಲ್ಲೇ ಬ್ರಾಂಚು ಇರುವಾಗ ನಿಮಗೆ ಯಾಕೆ ಈ ಉಪದ್ರ ಎಂದು ನಾನು ರೇಗಿದೆ. ಅವರು ಆಗಲೇ ಬೀಡಿಯ ಚೀಲ ಮಡಿಲಲ್ಲಿಟ್ಟುಕೊಂಡು ದೋಣಿಯ ಮುಂದಿನ ಹಲಗೆಯಲ್ಲಿ ಕೂತಾಗಿತ್ತು. ಮಗ ಹೋದ ಹೊಳೆಯ ಮೇಲೆ ಅಷ್ಟು ನೆಮ್ಮದಿಯಿಂದ ಕೂತ ಅವರನ್ನು ನೋಡಿ ನಾನು ಹಗ್ಗ ಎಳೆಯುವುದನ್ನೇ ಮರೆತೆ.

ಇಂಜಿನು ಮೊದಲ ಸಲ ನಿಂತದ್ದು ಆ ವರ್ಷದ ಆಟಿ ತಿಂಗಳಲ್ಲಿ, ಆಷಾಢದ ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಬೆಳಿಗ್ಗೆ. ನಡುಹೊಳೆಗೆ ಬಂದದ್ದೇ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಇಂಜಿನಿನ ಸದ್ದು ನಿಂತ ಮೇಲೆ ಹೊಳೆಯ ಸದ್ದು ಕೇಳಬೇಕಲ್ಲ, ಅದೂ ಕೇಳಲಿಲ್ಲ. ನೀರು ಎರಡೂ ಬದಿಯಲ್ಲಿ ಹರಿಯುತ್ತಲೇ ಇದೆ, ನಮ್ಮ ದೋಣಿ ಮಾತ್ರ ಕೆಳಗೆ ಜಾರದೆ ನಿಂತಲ್ಲೇ ಮೆಲ್ಲಗೆ ತಿರುಗುತ್ತಿದೆ. ಅಲ್ಲಿ ನೀರಿನಡಿ ಒಂದು ಬಂಡೆ ಇರುವುದು, ಅದರ ಹಿಂದೆ ಸುಳಿ ದೋಣಿಯನ್ನು ಹಿಡಿದುಕೊಳ್ಳುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಅಣ್ಣ ಬಗ್ಗಿದ್ದು ಅಲ್ಲೇ.

ನಾನು ಹಗ್ಗ ಎಳೆದೆ, ಇಂಜಿನಿಗೆ ಬೈದೆ, ಅದನ್ನು ಮಾಡಿದವನ ಏಳು ತಲೆಮಾರಿಗೆ ಬೈದೆ. ಅಮ್ಮ ತಿರುಗಿ ನೋಡಲಿಲ್ಲ. ಒಂದು ಕೈ ನೀರಿಗೆ ಬಿಟ್ಟು ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು. ಎಲ್ಲಿಂದಲೋ ಸುಟ್ಟ ಬೀಡಿಯ ವಾಸನೆ ಬಂತು. ಅಮ್ಮನ ಮಡಿಲಲ್ಲಿ ಒಂದು ಚೀಲ ಬೀಡಿ ಇರುವಾಗ ವಾಸನೆ ಬಾರದೆ ಇರುತ್ತದೆಯೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದು ಹಸಿ ಬೀಡಿಯದ್ದಲ್ಲ, ಅಣ್ಣ ಸೇದುವಾಗ ಬರುತ್ತಿದ್ದ ವಾಸನೆ. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ಎಳೆದರೆ ಇಂಜಿನು ಏನೂ ಆಗದಂತೆ ಹೊರಟಿತು.

ಆಮೇಲೆ ಅದು ಅಭ್ಯಾಸವೇ ಆಯಿತು. ದಿನಾಲೂ ಅಲ್ಲ, ನಾಲ್ಕು ದಿನ ಸರಿ ಹೋಗುತ್ತಿತ್ತು, ಇನ್ನೇನು ಮರೆತೆ ಎನ್ನುವಾಗ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ದಡದ ಹತ್ತಿರ ಒಮ್ಮೆಯೂ ನಿಂತದ್ದಿಲ್ಲ. ಪ್ಲಗ್ ಬದಲಿಸಿದೆ, ಹಗ್ಗ ಬದಲಿಸಿದೆ. ಇಂಜಿನು ನಿಂತ ದಿನ ಅಮ್ಮ ಮನೆಗೆ ಬಂದು ಎರಡು ಸೌಟು ಅನ್ನ ಹೆಚ್ಚು ಉಣ್ಣುತ್ತಿದ್ದರು, ಅದನ್ನು ನಾನು ಗಮನಿಸಿದ್ದೆ. ಗಮನಿಸಿ ಹೆದರಿದ್ದೆ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕೆ ಆಗುತ್ತದೆಯೆ? ಕಡವಿನ ಬಳಿ ಚಾದ ಅಂಗಡಿ ಇಟ್ಟವರು ನಾವು ದಡಕ್ಕೆ ಬಂದಾಗ ತಟ್ಟೆ ತೊಳೆಯುತ್ತಾ, ಮುಖ ಎತ್ತದೆ ಕೇಳುತ್ತಿದ್ದರು: “ಇವತ್ತೂ ನಿಲ್ಲಿಸಿದನಾ?” ಯಾರು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೆಂಗಿನಕಾಯಿ ಕೀಳಲು ಬರುತ್ತಿದ್ದವರು ನಮ್ಮ ದೋಣಿ ಹತ್ತುವುದಿಲ್ಲ ಎಂದರು. ಅವನನ್ನು ಒಳಗೆ ಕರೆಯದೆ ಹೊರಗೆ ಬಿಟ್ಟದ್ದಕ್ಕೆ ಹೀಗೆ ಎಂದು ಮಾವ ಫೋನಿನಲ್ಲಿ ಹೇಳಿದರು. ನಾನು ಅವರಿಗೆ ಚೆನ್ನಾಗಿ ತಿರುಗಿಸಿ ಕೊಟ್ಟೆ. ಫೋನು ಇಟ್ಟ ಮೇಲೆ ಹೊಳೆಯ ಕಡೆ ಬೆನ್ನು ಮಾಡಿ ಕೂರಲು ಧೈರ್ಯ ಆಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಅಮ್ಮನಿಗೆ ಜ್ವರ. ನಾನೊಬ್ಬಳೇ ಹೊರಟಿದ್ದೆ. ಅದೇ ಜಾಗ, ಅದೇ ಎರಡು ಕೆಮ್ಮು. ಆದರೆ ಆ ದಿನ ಹೊಳೆ ತುಂಬಿತ್ತು. ಬಂಡೆಯ ಹಿಂದಿನ ಸುಳಿಗೆ ದೋಣಿಯನ್ನು ಹಿಡಿದಿಡುವ ಶಕ್ತಿ ಇರಲಿಲ್ಲ. ದೋಣಿ ಅಡ್ಡ ತಿರುಗಿ ಅಣೆಕಟ್ಟಿನ ಕಡೆ ಓಡತೊಡಗಿತು. ಗೇಟುಗಳ ಸದ್ದು ನೆಲದೊಳಗಿನಿಂದ ಬಂದ ಹಾಗೆ ಕೇಳಿಸಿತು. ಹುಟ್ಟು ಹಾಕಿ ಹಾಕಿ ಕೈ ಸೋತ ಮೇಲೆ, ದಡದಿಂದ ಬಾಗಿದ್ದ ಬಿದಿರು ಮೆಳೆಗೆ ದೋಣಿ ಹೋಗಿ ಸಿಕ್ಕಿಕೊಂಡಿತು. ಮುಖವೆಲ್ಲ ಗೀರಿಹೋಗಿತ್ತು. ಮೆಳೆ ಹಿಡಿದುಕೊಂಡು ನಾನು ಯೋಚಿಸಿದ್ದು ಒಂದೇ. ಇವತ್ತು ಅಮ್ಮ ಮುಂದಿನ ಹಲಗೆಯಲ್ಲಿ ಕೂತಿದ್ದರೆ? ಒಬ್ಬನನ್ನು ಕೊಟ್ಟಾಯಿತು. ಇನ್ನೊಬ್ಬರನ್ನು ಈ ಹೊಳೆಗೆ ನಾನು ಕೊಡುವವಳಲ್ಲ. ಮನೆಗೆ ಬಂದು ಬಿದಿರು ಗೀರಿತು ಎಂದೆ. ಯಾವ ಬಿದಿರು, ಎಲ್ಲಿಯದು ಎಂದು ಅಮ್ಮನಿಗೆ ಹೇಳಲಿಲ್ಲ.

ಭಾನುವಾರ ಇಂಜಿನನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಮೂಡಬಿದಿರೆಯ ಆಚೆ ಶಿರ್ತಾಡಿಗೆ ಹೊತ್ತೆ. ಅಲ್ಲಿ ಹುಲ್ಲು ಕತ್ತರಿಸುವ ಮೆಷಿನ್, ತೋಟಕ್ಕೆ ಮದ್ದು ಬಿಡುವ ಪಂಪು ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರು ಟ್ಯಾಂಕಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಕಿಟಕಿಯಲ್ಲಿಟ್ಟು, ನನಗೆ ಚಾ ತರಿಸಿದರು. ಚಾ ಮುಗಿಯುವಾಗ ಬಾಟಲಿಯ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು. ಮೇಲೆ ಪೆಟ್ರೋಲು, ಕೆಳಗೆ ಮಬ್ಬು ನೀರಿನಂಥದ್ದು. ನಡುವೆ ಗೆರೆ ಎಳೆದ ಹಾಗೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಇದು ನನಗೂ ಗೊತ್ತು, ದಿನಾ ಹತ್ತು ಜನರಿಗೆ ಹೇಳುವ ಪಾಠ. ಬೈಕಿನವರಿಗೆ ಟ್ಯಾಂಕು ಬೇಗ ಬೇಗ ಖಾಲಿಯಾಗುತ್ತದೆ. ಹೊಳೆಯ ಮೇಲೆ, ಮಳೆಗಾಲದಲ್ಲಿ, ಅರ್ಧ ಟ್ಯಾಂಕು ಪೆಟ್ರೋಲು ಗಾಳಿ ತೂತಿನ ಮುಚ್ಚಳ ತೆರೆದು ಕೂತರೆ ಕುಡಿಯುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಕುಡಿದದ್ದು ಹೆಚ್ಚಾದಾಗ ತಳಕ್ಕೆ ಇಳಿಯುತ್ತದೆ. ಆದರೆ ಅದೇ ಜಾಗದಲ್ಲಿ ಯಾಕೆ ನಿಲ್ಲುವುದು ಎಂದು ಕೇಳಿದೆ. ಅವರು ಬಾಟಲಿಯನ್ನು ಮೆಲ್ಲಗೆ ಅಲ್ಲಾಡಿಸಿದರು. ತಳದ ನೀರು ಎದ್ದು ಮೇಲಕ್ಕೆ ಬಂತು. ದಡದ ಬಳಿ ದೋಣಿ ಅಲುಗದೆ ಹೋಗುತ್ತದೆ, ನೀರು ತಳದಲ್ಲೇ ಇರುತ್ತದೆ. ನಡುಹೊಳೆಯ ಸೆಳೆತಕ್ಕೆ ದೋಣಿ ಕುಣಿಯುವಾಗ ನೀರು ಎದ್ದು ಪೈಪಿನ ಬಾಯಿಗೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೂರುತ್ತದೆ.

“ಇಷ್ಟೇ ಅಕ್ಕ,” ಎಂದರು. “ಭೂತವೂ ಇಲ್ಲ, ಕುಲೆಯೂ ಇಲ್ಲ.”

ನಾನು ಕುಲೆಯ ಮಾತನ್ನೇ ಎತ್ತಿರಲಿಲ್ಲ. ನನ್ನ ಮುಖದಲ್ಲಿ ಬರೆದಿತ್ತೋ ಏನೋ.

ಅಲ್ಲಿಂದ ಮುಂದೆ ಪೆಟ್ರೋಲಿನ ಆರೈಕೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಎಥನಾಲ್ ಇಲ್ಲದ ದುಬಾರಿ ಪೆಟ್ರೋಲು ಮಂಗಳೂರಿನ ಒಂದು ಬಂಕಿನಲ್ಲಿ ಸಿಗುತ್ತದೆ ಎಂದು ಕೇಳಿ ಅಲ್ಲಿಗೂ ಹೋಗಿಬಂದೆ. ಎಲ್ಲ ಸಲ ಆಗುವ ಮಾತಲ್ಲ. ಉಳಿದ ದಿನ ನಮ್ಮ ಬಂಕಿನದ್ದನ್ನೇ ತಗಡಿನ ಕ್ಯಾನಿನಲ್ಲಿ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ತಂದು, ಇಂಜಿನಿಗೆ ಬೇಕಾದ ಟೂ-ಟಿ ಆಯಿಲನ್ನು ಅಳೆದು ಬೆರೆಸಿ, ದಪ್ಪ ಬಟ್ಟೆಯಲ್ಲಿ ಸೋಸಿ ಹಾಕಿದೆ. ಟ್ಯಾಂಕನ್ನು ಅರ್ಧ ಬಿಡುವುದಿಲ್ಲ, ಕಂಠ ತುಂಬಿಸುವುದು. ದಡ ಸೇರಿದ ಕೂಡಲೇ ಮುಚ್ಚಳದ ಗಾಳಿ ತೂತು ಮುಚ್ಚುವುದು. ಹಳೆಯದಾದರೆ ಕನಿಕರ ಇಲ್ಲ, ಬಗ್ಗಿಸಿ ತೆಗೆಯುವುದು. ಬಂಕಿನಿಂದ ಒಂದಿಷ್ಟು ಪೇಸ್ಟು ತಂದು ತೆಳ್ಳಗಿನ ಬಿದಿರು ಕಡ್ಡಿಯ ತುದಿಗೆ ಹಚ್ಚಿ ದಿನಾ ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದೆ. ಇದೆಲ್ಲ ಮಾಡುವಾಗ ಬಾಯಿ ಸುಮ್ಮನಿರುತ್ತದೆಯೆ? ಒಂದು ಹನಿ ನೀರು ಹೋದರೆ ಸಾಕು, ಇದು ನಡುವಲ್ಲಿ ಕೈ ಕೊಡುತ್ತದೆ ಎಂದು ಅಂಗಳದಲ್ಲಿ ಕೂತು ಅಮ್ಮನಿಗೆ ದಿನಾ ಭಾಷಣ ಬಿಗಿಯುತ್ತಿದ್ದೆ. ಅವರು ಬೀಡಿ ಕಟ್ಟುತ್ತಾ ಕೇಳುತ್ತಿದ್ದರು.

ಕಡ್ಡಿ ಕೆಂಪಾಗಲಿಲ್ಲ. ಇಂಜಿನು ನಿಲ್ಲಲಿಲ್ಲ. ಆ ಜಾಗ ಬಂದಾಗ ಹುಟ್ಟಿನ ಮೇಲೆ ಒಂದು ಕೈ ಇಡುತ್ತಿದ್ದೆ, ದಾಟಿದ ಮೇಲೆ ಗೆದ್ದೆ ಎಂದು ಕುಣಿಯಬೇಕು ಅನ್ನಿಸುತ್ತಿತ್ತು. ಚಾದ ಅಂಗಡಿಯವರು ಕೇಳುವುದನ್ನು ಬಿಟ್ಟರು. ತೆಂಗಿನಕಾಯಿ ಕೀಳುವವರು ಮತ್ತೆ ಬಂದರು.

ಅಮ್ಮ ಮಾತ್ರ ಇಳಿಯುತ್ತಾ ಬಂದರು. ಮೊದಲು ಊಟ ಕಡಿಮೆ ಆಯಿತು. ಆಮೇಲೆ ಮಾತು. ದೋಣಿಯಲ್ಲಿ ನನ್ನ ಕಡೆ ಮುಖ ಮಾಡಿ ಕೂರತೊಡಗಿದರು, ನನ್ನ ಕೈಯನ್ನೇ ನೋಡುತ್ತಾ. ಆ ಜಾಗ ದಾಟಿದ ಮೇಲೆ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದರು, ಬಸ್ಸು ನಿಲ್ಲಿಸದೆ ಹೋದಾಗ ಜನ ನೋಡುವ ಹಾಗೆ. ಎಂಥದ್ದು ಅಮ್ಮ ಎಂದರೆ ಏನಿಲ್ಲ. ಡಾಕ್ಟರ್ ರಕ್ತ ನೋಡಿ, ಬಿ.ಪಿ. ನೋಡಿ, ಎಲ್ಲ ಸರಿ ಉಂಟು ಎಂದರು. ಏನೋ ಒಂದು ಈ ಮನೆಯಿಂದ ಅವರನ್ನು ಎಳೆದುಕೊಂಡು ಹೋಗುತ್ತಿದೆ ಎಂದು ನನಗೆ ಅನ್ನಿಸಿತು. ಇಂಜಿನನ್ನು ಬಿಟ್ಟು ಈಗ ಅಮ್ಮನನ್ನು ಹಿಡಿದಿದ್ದಾನಾ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಣ್ಣ ಇರುವೆಗೂ ಕೇಡು ಬಗೆದವನಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಇಂಜಿನು ನಿಂತಿತು. ಅದೇ ಜಾಗ. ಅಮ್ಮ ಥಟ್ಟನೆ ಮುಂದಕ್ಕೆ ತಿರುಗಿ ಕೈಯನ್ನು ನೀರಿಗೆ ಬಿಟ್ಟರು. ಹಿಂದಿನ ದಿನವಷ್ಟೇ ಹೊಸ ಪೆಟ್ರೋಲು, ಸೋಸಿ ಹಾಕಿದ್ದು, ಕಂಠಪೂರ್ತಿ. ಕಡ್ಡಿ ಇಳಿಸಿ ತೆಗೆದೆ. ತುದಿ ರಕ್ತ ಹಚ್ಚಿದ ಹಾಗೆ ಕೆಂಪಾಗಿತ್ತು. ಗಾಳಿಯ ತೇವಕ್ಕೆ ಒಂದೇ ದಿನದಲ್ಲಿ ಅಷ್ಟು ನೀರು ಇಳಿಯುವುದು ಸಾಧ್ಯವೇ ಇಲ್ಲ. ಸುತ್ತ ನೋಡಿದೆ. ಬಿಸಿಲು ಬಿದ್ದಿತ್ತು, ಒಂದು ನೀರುಕಾಗೆ ದೂರದ ಗೂಟದ ಮೇಲೆ ರೆಕ್ಕೆ ಹರಡಿ ಕೂತಿತ್ತು, ಬೀಡಿಯ ವಾಸನೆ ಬಂತು. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅಣ್ಣನಿಗೆ ಹೆದರಿದೆ. ಅಂಗಿಯ ಜೇಬಿನಲ್ಲಿ ಸದಾ ಕಡಲೆ ಮಿಠಾಯಿ ಇಟ್ಟುಕೊಳ್ಳುತ್ತಿದ್ದ ನನ್ನ ಅಣ್ಣನಿಗೆ.

ಆ ಸಂಜೆಯೇ ಟ್ಯಾಂಕು ಬಗ್ಗಿಸಿ, ಒರೆಸಿ, ಹೊಸತು ತುಂಬಿಸಿದೆ. ಮರುದಿನ ಬೆಳಿಗ್ಗೆ ಹೊರಡುವ ಮೊದಲು ಕಡ್ಡಿ ಇಳಿಸಿದೆ, ಬಣ್ಣ ಬದಲಾಗಿರಲಿಲ್ಲ. ಸೀರೆ ಉಡಲು ಒಳಗೆ ಹೋದವಳಿಗೆ ಗಾಳಿ ತೂತು ಮುಚ್ಚಿದ್ದೇನೋ ಇಲ್ಲವೋ ಎಂದು ಸಂಶಯ ಬಂತು. ಅರ್ಧ ಉಟ್ಟ ಸೀರೆಯಲ್ಲೇ ದೋಣಿಯ ಕಡೆ ಓಡಿದೆ.

ಅಮ್ಮ ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದರು. ಇಂಜಿನಿನ ಮುಚ್ಚಳ ತೆರೆದು ದೋಣಿಯ ಅಂಚಿನಲ್ಲಿಟ್ಟಿದ್ದರು. ಬೊಗಸೆಯಲ್ಲಿ ಹೊಳೆಯ ನೀರು ತೆಗೆದು, ದೇವರಿಗೆ ಅರ್ಘ್ಯ ಬಿಡುವ ಹಾಗೆ, ಬೆರಳ ಸಂದಿಯಿಂದ ಟ್ಯಾಂಕಿಗೆ ಬಿಡುತ್ತಿದ್ದರು.

ನಾನು ಕಿರುಚಿದೆ. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಕೊಲ್ಲಲಿಕ್ಕೆ ಹೊರಟಿದ್ದೀರಾ ಎಂದೆ. ಆ ತುಂಬಿದ ಹೊಳೆಯ ದಿನ ಅಣೆಕಟ್ಟಿನ ಬಾಯಿವರೆಗೆ ಹೋಗಿ ಬಂದದ್ದನ್ನು, ಬಿದಿರು ಮೆಳೆಯನ್ನು, ಅಡಗಿಸಿಟ್ಟದ್ದನ್ನೆಲ್ಲ ಹೇಳಿದೆ. ಆ ಎಲ್ಲ ಸಲವೂ ನೀವೇ ನೀರು ಹಾಕಿದ್ದಾ ಎಂದು ಕೇಳಿದೆ.

ಅಮ್ಮ ಒದ್ದೆ ಕೈಯಲ್ಲೇ ನನ್ನ ಮುಖದ ಹಳೆಯ ಗೀರನ್ನು ಮುಟ್ಟಿದರು.

“ನಾನು ಹಾಕಿದ್ದು ನಿನ್ನೆ ಒಮ್ಮೆ, ಇವತ್ತು ಒಮ್ಮೆ,” ಎಂದರು. “ಅದಕ್ಕೆ ಮೊದಲು ನೀನೇ ನಿಲ್ಲಿಸ್ತಾ ಇದ್ದಿ ಅಂತ ಎಣಿಸಿದ್ದೆ.”

ನಾನೇ? ನಾನು ಯಾಕೆ ನಿಲ್ಲಿಸಲಿ?

“ನನಗೆ ಅವನ ಹತ್ತಿರ ಸ್ವಲ್ಪ ಕೂತುಕೊಳ್ಳಲಿಕ್ಕೆ. ನೀನು ಬೈಯುವುದು ಕೇಳಿ ನನಗೆ ಗೊತ್ತಾಯ್ತು ಅಂತ ಎಣಿಸಿದ್ದು. ಒಳ್ಳೆಯದು ಮಾಡುವಾಗೆಲ್ಲ ನೀನು ಬೈಯುವವಳಲ್ವಾ? ಒಳಗೆ ಕರೆದರೆ ಅವನಿಗೆ ವರ್ಷಕ್ಕೊಮ್ಮೆ ಎಲೆ ಹಾಕ್ಲಿಕ್ಕೆ ಉಂಟು, ಮಾತಾಡ್ಲಿಕ್ಕೆ ಇಲ್ಲ. ಅಲ್ಲಿ ಆದರೆ ಮಾತಾಡಬಹುದು.” ಟ್ಯಾಂಕಿನ ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟು ಹೇಳಿದರು: “ಆಮೇಲೆ ನೀನು ನಿಲ್ಲಿಸುವುದನ್ನೇ ಬಿಟ್ಟೆ. ಇವಳಿಗೂ ಅವನು ಮರೆತುಹೋದ ಅಂತ ನನಗೆ ಹೊಟ್ಟೆ ಉರಿದುಹೋಯ್ತು ಮಗಾ.”

ಹೊಳೆಯ ಕೆಸರಿನಲ್ಲಿ ನಾನು ಹಾಗೆಯೇ ಕೂತೆ. ಊರಿಡೀ ಅವನು ನಿಲ್ಲಿಸುತ್ತಾನೆ ಎನ್ನುತ್ತಿದ್ದಾಗ, ನಾನು ಪೆಟ್ರೋಲಿನ ನೀರು ನಿಲ್ಲಿಸುತ್ತದೆ ಎಂದು ತಿಳಿದು ಬೀಗುತ್ತಿದ್ದಾಗ, ಅಮ್ಮ ಒಬ್ಬರೇ ಅದು ನನ್ನ ಪ್ರೀತಿ ಎಂದುಕೊಂಡಿದ್ದರು. ಆ ಪ್ರೀತಿಯನ್ನು ನಾನು ಬಟ್ಟೆಯಲ್ಲಿ ಸೋಸಿ ಸೋಸಿ ತೆಗೆದಿದ್ದೆ.

ಆ ದಿನ ಬಂಕಿಗೆ ರಜೆ ಹೇಳಿದೆ. ಟ್ಯಾಂಕು ಪುನಃ ಬಗ್ಗಿಸಿ, ಕಾರ್ಬೊರೇಟರಿನ ತಳದ ಸ್ಕ್ರೂ ಬಿಚ್ಚಿ ಕೊನೆಯ ಹನಿಯವರೆಗೆ ತೆಗೆದೆ. ಹೊಸ ಪೆಟ್ರೋಲು ಸೋಸಿ ತುಂಬಿಸಿದೆ. ಇನ್ನು ಮೇಲೆ ಇದಕ್ಕೆ ಕೈ ಹಾಕಬಾರದು, ಹೊಳೆ ತುಂಬಿದ ದಿನ ನಿಲ್ಲಿಸು ಎಂದು ಕೇಳಲೂ ಬಾರದು, ಉಳಿದ ದಿನ ನಾನು ನಿಲ್ಲಿಸುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಹೊಳೆ ಇಳಿದಿತ್ತು, ಬಿಸಿಲು ಹಿತವಾಗಿತ್ತು. ಬೀಡಿ ಇಲ್ಲ, ಬ್ರಾಂಚು ಇಲ್ಲ, ಸುಮ್ಮನೆ ದೋಣಿಯಲ್ಲಿ ಕೂತು ಹೊರಟೆವು.

ಕಾಕು ಮುಚ್ಚಿದರೂ ಇಂಜಿನು ಕೂಡಲೇ ನಿಲ್ಲುವುದಿಲ್ಲ, ಒಳಗಿರುವಷ್ಟನ್ನು ಕುಡಿದೇ ನಿಲ್ಲುವುದು. ಅಂದಾಜು ಮಾಡಿ ಸ್ವಲ್ಪ ಮೊದಲೇ ಮುಚ್ಚಿದೆ. ಎರಡು ಸಲ ಕೆಮ್ಮಿ ಸುಮ್ಮನಾಯಿತು. ದೋಣಿ ಜಾರಿಕೊಂಡು ಹೋಗಿ ಸುಳಿಗೆ ಸೇರಿ ಮೆಲ್ಲಗೆ ತಿರುಗಿತು. ಅಮ್ಮ ಕೈಯನ್ನು ನೀರಿಗೆ ಬಿಟ್ಟು ಮಾತು ಶುರು ಮಾಡಿದರು. ಈ ಸಲ ನನಗೆ ಕೇಳಿಸಿತು. ಬೆಕ್ಕು ಮರಿ ಹಾಕಿದ್ದು, ಬೀಡಿ ಎಲೆ ಈ ವಾರ ಒರಟು ಬಂದದ್ದು, ಮಾವನ ಮಂಡಿನೋವು. ಎಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು.

“ನೀನೂ ಏನಾದರೂ ಹೇಳು ಅವನಿಗೆ.”

ನೀರನ್ನು ನೋಡಿದೆ. ಮೇಲೆ ಬಿಸಿಲು ಮಿನುಗುತ್ತಿತ್ತು, ಅದರಡಿ ಏನೂ ಕಾಣುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಎರಡು ವರ್ಷದಿಂದ ಒಳಗೆ ಇಟ್ಟುಕೊಂಡದ್ದು ಒಮ್ಮೆಗೇ ಹೊರಗೆ ಬಂತು.

“ನಿಂತುಕೊಂಡು ಹಗ್ಗ ಎಳೆಯಬೇಡ ಅಂತ ಎಷ್ಟು ಸಲ ಹೇಳಿದ್ದೆ ನಿನಗೆ? ಕೂತು ಎಳಿ ಅಂದರೆ ನಗ್ತಿದ್ದಿ. ಈಗ ನಗು, ನೋಡುವ.”

ನನ್ನ ದನಿ ಎರಡೂ ದಡಕ್ಕೆ ಕೇಳಿರಬೇಕು. ಅಮ್ಮ ನನ್ನನ್ನು ತಡೆಯಲಿಲ್ಲ. ನೀರಿನಲ್ಲಿದ್ದ ಕೈಯನ್ನು ತೆಗೆಯದೆ, ತಲೆಯಾಡಿಸಿ ಹೇಳಿದರು: “ಬೈ ಮಗಾ. ಅವನು ಕೇಳ್ತಾ ಇದ್ದಾನೆ.”

ನಾನು ಬೈಯುತ್ತಲೇ ಇದ್ದೆ. ಅಷ್ಟು ಹೊತ್ತೂ ದೋಣಿ ಆ ಜಾಗ ಬಿಟ್ಟು ಅಲುಗಲಿಲ್ಲ.